ಗಟ್ಟಿ ಊಟ ಶುರು ಮಾಡಿದ ದಿನವೇ ಸಿಕ್ಕಿಕೊಂಡಿತು, ಇನ್ನು ದ್ರವದಲ್ಲೇ ಇದ್ದುಬಿಡಲೇ?

ಪ್ರಶ್ನೆ: ನನಗೆ 41 ವರ್ಷ. ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡು ಐದು ವಾರ ಆಯಿತು. ಮೊದಲು ನೀರು, ಸೂಪು, ಪ್ರೋಟೀನ್ ಶೇಕ್, ಆಮೇಲೆ ರುಬ್ಬಿದ ಆಹಾರ. ಯಾವುದರಲ್ಲೂ ತೊಂದರೆ ಆಗಲಿಲ್ಲ. ಆಸ್ಪತ್ರೆಯವರು ಕೊಟ್ಟ ಚಾರ್ಟ್ ಪ್ರಕಾರ ಕಳೆದ ವಾರ ಮೆತ್ತನೆ ಊಟ ಶುರು ಮಾಡಬೇಕಿತ್ತು. ಬೇಯಿಸಿದ ಚಿಕನ್ ತಿಂದೆ. ಮೂರನೇ ತುತ್ತಿಗೇ ಎದೆ ನಡುವೆ ಕಲ್ಲು ಕೂತ ಹಾಗಾಯಿತು. ಇಳಿಯಲಿ ಅಂತ ನೀರು ಕುಡಿದೆ, ಇನ್ನೂ ಜಾಸ್ತಿ ಆಯಿತು. ಬಾಯಲ್ಲಿ ನೊರೆ ನೊರೆ ಜೊಲ್ಲು ಬಂದು ಕೊನೆಗೆ ವಾಂತಿ ಆಯಿತು. ಅವತ್ತಿನಿಂದ ಗಟ್ಟಿ ಪದಾರ್ಥ ಮುಟ್ಟಿಲ್ಲ. ಶೇಕ್, ಸೂಪಿನಲ್ಲಿ ಆರಾಮಾಗಿದ್ದೇನೆ, ತೂಕವೂ ಚೆನ್ನಾಗಿ ಇಳಿಯುತ್ತಿದೆ. ಇನ್ನೆರಡು ತಿಂಗಳು ಹೀಗೇ ಇರಬಹುದೇ? ವಿಚಿತ್ರ ಅಂದರೆ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು ತಿಂದರೆ ಏನೂ ಆಗುವುದಿಲ್ಲ. ಹಾಗಾದರೆ ಬಿಸ್ಕತ್ತಿನಿಂದಲೇ ಶುರು ಮಾಡಲೇ?

ಉತ್ತರ: ಎರಡು ತಿಂಗಳು ಬೇಡ. ಈಗಾಗಲೇ ಇದ್ದಷ್ಟು ಸಾಕು. ವಾಂತಿ ನಿಂತಿದೆ, ನೀರು ಸಲೀಸಾಗಿ ಇಳಿಯುತ್ತಿದೆ, ಜ್ವರ ಇಲ್ಲ, ಹೊಟ್ಟೆನೋವು ಇಲ್ಲ ಅಂದರೆ ನಾಳೆಯೇ ರುಬ್ಬಿದ ಆಹಾರಕ್ಕೆ ವಾಪಸ್ ಬನ್ನಿ. ಎರಡು ಮೂರು ದಿನ ಅದು ಸರಿಹೋದರೆ ಮೆತ್ತನೆಯದಕ್ಕೆ ಹೋಗಿ. ಚಿಕನ್ ಸದ್ಯಕ್ಕೆ ಪಕ್ಕಕ್ಕಿಡಿ. ಬಿಸ್ಕತ್ತನ್ನೂ ಪಕ್ಕಕ್ಕಿಡಿ, ಅದರ ಕಥೆ ಬೇರೆ, ಆಮೇಲೆ ಹೇಳುತ್ತೇನೆ. ನಿಮ್ಮ ಆಪರೇಷನ್ ಮಾಡಿದವರಿಗೆ ಈ ವಾಂತಿಯ ವಿಷಯ ಇನ್ನೂ ತಿಳಿಸಿಲ್ಲವಾದರೆ ಇವತ್ತೇ ಒಂದು ಫೋನ್ ಮಾಡಿ. ಅವರ ಮಾತು ನನ್ನ ಮಾತಿಗಿಂತ ಬೇರೆ ಇದ್ದರೆ ಅವರದ್ದನ್ನೇ ಕೇಳಿ. ನಿಮ್ಮ ಹೊಟ್ಟೆಯ ಒಳಗೆ ನೋಡಿದವರು ಅವರು.

ಮೊದಲ ಸಲ ಹೀಗೆ ಸಿಕ್ಕಿಕೊಂಡಾಗ ಹೊಲಿಗೆ ಬಿಟ್ಟೇ ಹೋಯಿತು ಅಂತ ಹೆದರುವವರೇ ಜಾಸ್ತಿ. ಅವತ್ತು ಆಗಿದ್ದು ಏನು ಅಂತ ತಿಳಿದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಉಳಿಯುವುದು ಒಂದು ಕಿರಿದಾದ ಕೊಳವೆ, ಹಿಡಿಯುವುದು ಅಂದಾಜು 100ರಿಂದ 150 ಮಿಲಿಲೀಟರ್. ತೆಗೆದ ಭಾಗ ಯಾವುದು ಗೊತ್ತಾ? ಮೇಲಿನದು. ಊಟ ಬಂದ ಹಾಗೆಲ್ಲ ಹಿಗ್ಗಿ ಜಾಗ ಮಾಡಿಕೊಡುತ್ತಿದ್ದ ಭಾಗ. ಮೊದಲು ನೀವು ಅರೆಬರೆ ಅಗಿದು ನುಂಗಿದರೂ ಅದು ಸುಧಾರಿಸಿಕೊಳ್ಳುತ್ತಿತ್ತು. ಈಗ ಆ ಅನುಕೂಲ ಇಲ್ಲ. ಒಳಗಿನ ಊತವೂ ಈ ಹೊತ್ತಿಗೆ ಎಲ್ಲರಿಗೂ ಪೂರ್ತಿ ಇಳಿದಿರುವುದಿಲ್ಲ. ಅಂಥ ಕೊಳವೆಗೆ ನೀವು ಕಳಿಸಿದ್ದು ಚಿಕನ್. ಅದರಲ್ಲೂ ಎದೆಭಾಗದ ಮಾಂಸ ಬೆಂದ ಮೇಲೆ ನಾರು ನಾರಾಗುತ್ತದೆ. ಅಗಿದಾಗ ರಸವೆಲ್ಲ ಮೊದಲೇ ಗಂಟಲಿಗೆ ಇಳಿದು, ಬಾಯಲ್ಲಿ ಒಣ ನಾರಿನ ಉಂಡೆ ಉಳಿಯುತ್ತದೆ. ಅದನ್ನು ನುಂಗಿದರೆ ಕೊಳವೆಯ ಬಾಯಲ್ಲೇ ಕೂರುತ್ತದೆ. ಹಿಂದೆಯೇ ಎರಡನೇ ತುತ್ತು, ಮೂರನೇ ತುತ್ತು. ಎಷ್ಟು ಹೊತ್ತಿನಲ್ಲಿ ತಿಂದಿರಿ ಅಂತ ನೀವು ಬರೆದಿಲ್ಲ. ನನ್ನ ಊಹೆ, ಎರಡು ನಿಮಿಷ.

ಆ ನೊರೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಗಾಬರಿ ಬೀಳುವುದು ಅದನ್ನು ನೋಡಿ. ಏನಾದರೂ ಸಿಕ್ಕಿಕೊಂಡರೆ ದೇಹ ಅದನ್ನು ಜಾರಿಸಲು ಜೊಲ್ಲು, ಲೋಳೆ ಎರಡನ್ನೂ ಸುರಿಸುತ್ತದೆ. ಕೆಳಗೆ ದಾರಿ ಇಲ್ಲ. ಹಾಗಾಗಿ ಅದು ಗಾಳಿ ಸೇರಿ ನೊರೆಯಾಗಿ ಮೇಲಕ್ಕೆ ಬರುತ್ತದೆ. ಇದರ ಮೇಲೆ ನೀರು ಕುಡಿದರೆ ಆ ನೀರಿಗೂ ಹೋಗಲು ಜಾಗ ಇಲ್ಲ. ನೋವು ಜಾಸ್ತಿ ಆಗಿದ್ದು ಅದಕ್ಕೇ. ಇನ್ನೊಮ್ಮೆ ಹೀಗಾದರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ. ನೀರು ಕುಡಿಯಬೇಡಿ. ಎದ್ದು ನಿಧಾನಕ್ಕೆ ಓಡಾಡಿ. ಜೊಲ್ಲು ಬಂದರೆ ಉಗುಳಿ, ನುಂಗಬೇಡಿ. ಹೆಚ್ಚಿನ ಸಲ ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಇಳಿಯುತ್ತದೆ, ಇಲ್ಲವೇ ಮೇಲೆ ಬರುತ್ತದೆ. ಅದಾದ ಮೇಲೆ ಒಂದು ದಿನ ದ್ರವ, ಮರುದಿನ ರುಬ್ಬಿದ್ದು. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಇದನ್ನು ಓದುತ್ತಿರುವವರಲ್ಲಿ ತೂಕ ಇಳಿಸಲು ಹೊಟ್ಟೆಯ ಬೈಪಾಸ್ (ಹೊಟ್ಟೆಯ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್) ಆದವರೂ ಇರುತ್ತಾರೆ. ಅವರ ಹೊಟ್ಟೆಯ ಚೀಲ ಇನ್ನೂ ಚಿಕ್ಕದು, 30 ಮಿಲಿಲೀಟರ್ ಆಸುಪಾಸು. ಅದರಿಂದ ಕರುಳಿಗೆ ಹೋಗುವ ದಾರಿಯೂ ಸಣ್ಣದು. ಆಹಾರವನ್ನು ಅರೆಯುವ ಹೊಟ್ಟೆಯ ಕೆಳಭಾಗ ಈಗ ಅವರ ಊಟದ ದಾರಿಯಲ್ಲೇ ಇಲ್ಲ. ಅರೆಯುವ ಕೆಲಸ ಪೂರ್ತಿ ಹಲ್ಲಿನದ್ದೇ. ಕೆಳಗೆ ಹೇಳುವುದೆಲ್ಲ ಅವರಿಗೆ ಇನ್ನೂ ಒಂದು ಪಟ್ಟು ಜಾಸ್ತಿ ಅನ್ವಯಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ದ್ರವದಲ್ಲೇ ಇದ್ದರೆ ಏನು ತಪ್ಪು?

ನಿಮಗೆ ದ್ರವ ಅಂದರೆ ಸುರಕ್ಷಿತ ಜಾಗ ಅನ್ನಿಸಿದೆ. ಮೊದಲ ಎರಡು ವಾರ ಅದು ನಿಜವೂ ಹೌದು. ಕತ್ತರಿಸಿ ಸ್ಟೇಪಲ್ ಹಾಕಿದ ಅಂಚು ಕೂಡಿಕೊಳ್ಳುವವರೆಗೆ ಅದರ ಮೇಲೆ ಒತ್ತಡ ಬೀಳಬಾರದು, ಅದಕ್ಕೇ ದ್ರವ. ಆ ಕಾರಣ ಮುಗಿದ ಮೇಲೂ ಅಲ್ಲೇ ಉಳಿದರೆ ಆಪರೇಷನ್ನಿನ ಕೆಲಸವನ್ನೇ ಅರ್ಧ ಕೆಡಿಸಿದ ಹಾಗೆ. ದ್ರವ ಆ ಕೊಳವೆಯಲ್ಲಿ ನಿಲ್ಲುವುದಿಲ್ಲ, ಸರ್ರನೆ ಇಳಿದುಹೋಗುತ್ತದೆ. ಗಟ್ಟಿ ಆಹಾರ ನಿಲ್ಲುತ್ತದೆ. ನಿಂತಾಗ ಕೊಳವೆಯ ಗೋಡೆ ಬಿಗಿಯುತ್ತದೆ, ಹೊಟ್ಟೆ ತುಂಬಿತು ಅನ್ನುವ ಸೂಚನೆ ಹೋಗುತ್ತದೆ, ಮುಂದಿನ ಮೂರು ನಾಲ್ಕು ಗಂಟೆ ಊಟದ ನೆನಪೇ ಬರುವುದಿಲ್ಲ. ಈ ಅನುಭವಕ್ಕಾಗಿಯೇ ನೀವು ಆಪರೇಷನ್ ಮಾಡಿಸಿಕೊಂಡಿದ್ದು. ಶೇಕ್ ಕುಡಿದುಕೊಂಡೇ ಇದ್ದರೆ ಅದು ನಿಮಗೆ ಸಿಗುವುದೇ ಇಲ್ಲ. ಈಗ ಹಸಿವೆ ಕಮ್ಮಿ ಇರುವುದರಿಂದ ಗೊತ್ತಾಗುತ್ತಿಲ್ಲ. ಹಸಿವೆಯ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುತ್ತಿದ್ದುದು ಆ ತೆಗೆದ ಮೇಲ್ಭಾಗದಲ್ಲೇ. ಆದರೆ ತಿಂಗಳುಗಳು ಕಳೆದ ಹಾಗೆ ಹಸಿವೆ ಒಂದಿಷ್ಟು ವಾಪಸ್ ಬರುತ್ತದೆ. ಆಗ ಶೇಕಿನ ಮೇಲೆ ಶೇಕ್ ಕುಡಿಯುವ ಅಭ್ಯಾಸ ಕೈಕೊಡುತ್ತದೆ.

ತೂಕ ಇಳಿಯುತ್ತಿದೆ ಅಂದಿರಿ. ಸಂತೋಷ. ಆದರೆ ಇಳಿಯುತ್ತಿರುವುದು ಕೊಬ್ಬೋ ಸ್ನಾಯುವೋ ಅಂತ ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಈ ಆಪರೇಷನ್ ಆದವರಿಗೆ ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು. ಕೆಲವರಿಗೆ 80ರವರೆಗೂ ಹೇಳುತ್ತಾರೆ. ಶೇಕಿನಿಂದ ಅಷ್ಟು ಸಿಗುತ್ತದೆ, ಸುಳ್ಳಲ್ಲ. ಒಂದು ಅಳತೆ ಪುಡಿಯಲ್ಲೇ ಸಾಮಾನ್ಯವಾಗಿ 20 ಗ್ರಾಂ ಮೇಲೆ ಇರುತ್ತದೆ. ಆದರೆ ಒಂದೇ ಸಿಹಿ ರುಚಿಯನ್ನು ದಿನಾ ಮೂರು ಸಲ ಕುಡಿದರೆ ಕೆಲವೇ ವಾರಕ್ಕೆ ವಾಕರಿಕೆ ಶುರುವಾಗುತ್ತದೆ. ಆಪರೇಷನ್ ಆದ ಮೇಲೆ ನಾಲಿಗೆಯ ರುಚಿಯೇ ಬದಲಾಗುವುದು ತೀರಾ ಸಾಮಾನ್ಯ. ಮೂರು ಲೋಟ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಸೂಪಿನಲ್ಲಿ ಪ್ರೋಟೀನ್ ಎಷ್ಟಿರುತ್ತದೆ ಹೇಳಿ? ಬಿಸಿ ನೀರಿಗಿಂತ ಒಂಚೂರು ಜಾಸ್ತಿ. ಆಮೇಲೆ ಸುಸ್ತು, ಮೆಟ್ಟಿಲು ಹತ್ತಿದರೆ ಕಾಲು ಸೋಲುವುದು, ಕೂದಲು ಉದುರುವುದು. ಕೂದಲು ಹೇಗೂ ಮೂರನೇ ತಿಂಗಳಿನಿಂದ ಒಂದಿಷ್ಟು ಉದುರುತ್ತದೆ, ವೇಗವಾಗಿ ತೂಕ ಇಳಿದವರಿಗೆ ಅದು ಬಂದು ಹೋಗುವ ವಿಷಯ. ಪ್ರೋಟೀನೂ ಕಮ್ಮಿಯಾದರೆ ಅದು ಇನ್ನೂ ಎಳೆಯುತ್ತದೆ.

ಇನ್ನೊಂದು ಇದೆ, ಅದು ಹೊಟ್ಟೆಗೆ ಸಂಬಂಧಿಸಿದ್ದಲ್ಲ. ಗಟ್ಟಿ ಊಟ ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಇವತ್ತು ಚಿಕನ್ ಬೇಡ ಅನ್ನಿಸಿದೆ. ಎರಡು ತಿಂಗಳು ಬಿಟ್ಟರೆ ಮೊಟ್ಟೆಯನ್ನು ನೋಡಿದರೂ ಗಂಟಲು ಬಿಗಿಯುತ್ತದೆ. ಅಂಥವರನ್ನು ನೋಡಿದ್ದೇನೆ. ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಏನೂ ಇರುವುದಿಲ್ಲ, ದಾರಿ ಸರಿಯಾಗೇ ಇರುತ್ತದೆ, ಆದರೆ ತುತ್ತು ಬಾಯಿಂದ ಕೆಳಗೆ ಹೋಗುವುದಿಲ್ಲ.

ಹಾಗಾದರೆ ಮತ್ತೆ ಹೇಗೆ ಶುರು ಮಾಡುವುದು? ನಿಮ್ಮ ಚಾರ್ಟ್‌ನಲ್ಲಿ ವಾರಗಳ ಲೆಕ್ಕ ಇದೆ. ಸಾಮಾನ್ಯವಾಗಿ ಎರಡು ವಾರ ದ್ರವ, ಆಮೇಲೆ ಎರಡು ವಾರ ರುಬ್ಬಿದ್ದು, ಮತ್ತೆರಡು ವಾರ ಮೆತ್ತನೆಯದು, ಆರರಿಂದ ಎಂಟನೇ ವಾರಕ್ಕೆ ಮಾಮೂಲಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ಸ್ವಲ್ಪ ಹಿಂದೆ ಮುಂದೆ ಇರುತ್ತದೆ. ಚಾರ್ಟ್ ಹೇಳಿದ್ದಕ್ಕಿಂತ ಮುಂಚೆ ಯಾವತ್ತೂ ಹೋಗಬೇಡಿ. ಒಂದು ವಾರ ತಡವಾದರೆ ಪರವಾಗಿಲ್ಲ. ಆದರೆ ಚಾರ್ಟ್‌ನಲ್ಲಿ ಕಾಣದ ಒಂದು ವಿಷಯ ಇದೆ, ನನ್ನ ಪ್ರಕಾರ ವಾರಕ್ಕಿಂತ ಅದೇ ಮುಖ್ಯ: ಒದ್ದೆ. ಮೆತ್ತನೆ ಅಂದರೆ ಬೆರಳಿಗೆ ಮೆತ್ತಗಿದ್ದರೆ ಸಾಲದು, ರಸ ಇರಬೇಕು. ಬೆರಳಿಗೆ ಮೆತ್ತಗಿರುವ ಬ್ರೆಡ್ಡು ಹೊಟ್ಟೆಯಲ್ಲಿ ಅಂಟು ಮುದ್ದೆಯಾಗುತ್ತದೆ. ಅನ್ನ, ಪಾಸ್ತಾ ಕೂಡ ಹಾಗೇ, ಉಬ್ಬಿ ಗುಡ್ಡೆಯಾಗುತ್ತವೆ. ಇವೆಲ್ಲ ಕೊನೆಗೆ ಬರಬೇಕಾದವು.

ಮೊಟ್ಟೆಯಿಂದ ಶುರು ಮಾಡಿ, ನಿಮಗೆ ಮೊಟ್ಟೆ ಆಗುತ್ತದೆ ಅಂದರೆ. ಒಂದು ಮೊಟ್ಟೆಗೆ ಒಂದು ಚಮಚ ಹಾಲು ಹಾಕಿ, ಸಣ್ಣ ಉರಿಯಲ್ಲಿ ಕೆದಕುತ್ತಾ ಬೇಯಿಸಿ. ಪೂರ್ತಿ ಬೆಂದಿರಬೇಕು, ಆದರೆ ಇನ್ನೂ ಒದ್ದೆಯಾಗಿ ಹೊಳೆಯುತ್ತಿರುವಾಗಲೇ ಇಳಿಸಿ. ಒಣಗಿ ಉದುರುದುರಾದರೆ ಅದೂ ಸಿಕ್ಕಿಕೊಳ್ಳುತ್ತದೆ. ಚಿಕ್ಕ ತಟ್ಟೆ, ಟೀ ಚಮಚ. ತಟ್ಟೆಗೆ ಹಾಕಿಕೊಳ್ಳುವುದು ಎರಡು ದೊಡ್ಡ ಚಮಚದಷ್ಟೇ. ಒಂದು ತುತ್ತು ಅಂದರೆ ಬಟಾಣಿ ಕಾಳಿನಷ್ಟು. ಬಾಯಿಗಿಟ್ಟ ಮೇಲೆ ಚಮಚ ಕೆಳಗಿಡಿ, ಕೈಯಲ್ಲಿ ಹಿಡಿದುಕೊಂಡಿರಬೇಡಿ. ಕೈಯಲ್ಲಿದ್ದರೆ ಮುಂದಿನ ತುತ್ತು ತಾನಾಗೇ ತಯಾರಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಸಲ ಅಗಿಯಿರಿ. ನಾಲಿಗೆಗೆ ಯಾವ ತುಂಡೂ ಸಿಗಬಾರದು, ಆಗ ನುಂಗಿ. ನುಂಗಿ ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ಇಳಿದಿದ್ದು ಗೊತ್ತಾಗುತ್ತದೆ. ಆಮೇಲೆ ಮುಂದಿನದು. ಇಪ್ಪತ್ತರಿಂದ ಮೂವತ್ತು ನಿಮಿಷ ಆದ ಮೇಲೆ ತಟ್ಟೆಯಲ್ಲಿ ಉಳಿದಿದ್ದರೂ ಎದ್ದುಬಿಡಿ. ಫೋನ್ ನೋಡಿಕೊಂಡು ತಿನ್ನಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಈ ಎರಡು ತಿಂಗಳಾದರೂ ಕೇಳಿ.

ಬೆಳಿಗ್ಗೆ ಕೆಲವರಿಗೆ ಬಿಗಿ ಜಾಸ್ತಿ ಇರುತ್ತದೆ. ನಿಮಗೂ ಹಾಗಿದ್ದರೆ ಬೆಳಿಗ್ಗೆ ಶೇಕ್ ಇರಲಿ, ಹೊಸ ಪದಾರ್ಥ ಮಧ್ಯಾಹ್ನಕ್ಕೆ. ಒಂದು ದಿನಕ್ಕೆ ಒಂದೇ ಹೊಸದು. ಎರಡು ಹೊಸದನ್ನು ಒಟ್ಟಿಗೆ ತಿಂದು ಒಂದು ಆಗಲಿಲ್ಲ ಅಂದರೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಮೊಟ್ಟೆ ಆದ ಮೇಲೆ ಗಟ್ಟಿ ಮೊಸರು, ಮುಳ್ಳು ತೆಗೆದ ಮೆತ್ತನೆ ಮೀನು, ಚೆನ್ನಾಗಿ ಬೆಂದು ಕರಗಿದ ಬೇಳೆ, ಮೆತ್ತನೆ ಟೋಫು. ಯಾವುದೇ ಇರಲಿ, ಸ್ವಲ್ಪ ಸಾರೋ ಮೊಸರೋ ಸೇರಿಸಿ ಒದ್ದೆ ಮಾಡಿಕೊಳ್ಳಿ. ಬೆಂದು ಹಿಸುಕಿದ ತರಕಾರಿ ಅದರ ನಂತರ. ತಟ್ಟೆಯಲ್ಲೂ ಇದೇ ಸಾಲು, ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಬ್ರೆಡ್ಡು. ಜಾಗ ಉಳಿಯುವುದಿಲ್ಲ, ಅದು ಬೇರೆ ಮಾತು. ಚಿಕನ್‌ಗೆ ಮತ್ತೆ ಬರುವಾಗ ಎದೆಭಾಗ ಬಿಟ್ಟು ತೊಡೆಯ ಮಾಂಸ ತೆಗೆದುಕೊಳ್ಳಿ, ಖೀಮಾ ಮಾಡಿಸಿ, ರಸದಲ್ಲೇ ಬೇಯಿಸಿ. ಫ್ರಿಜ್‌ನಲ್ಲಿಟ್ಟು ಮತ್ತೆ ಬಿಸಿ ಮಾಡಿದ ಮಾಂಸ ಒಣಗಿರುತ್ತದೆ. ಒಮ್ಮೆ ಆಗಿಬಂದದ್ದು ಮರುದಿನ ಸಿಕ್ಕಿಕೊಳ್ಳುವುದು ಎಷ್ಟೋ ಸಲ ಇದರಿಂದಲೇ. ಒಂದು ಪದಾರ್ಥ ಆಗಲಿಲ್ಲ ಅಂದರೆ ಜನ್ಮಕ್ಕೇ ಬಿಡಬೇಕಿಲ್ಲ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ.

ಹೊಟ್ಟೆ ತುಂಬಿದ್ದು ಈಗ ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ಎದೆಮೂಳೆಯ ಕೆಳಗೆ ಸಣ್ಣ ಒತ್ತಡ. ಕೆಲವರಿಗೆ ಬಿಕ್ಕಳಿಕೆ. ಕೆಲವರಿಗೆ ಮೂಗು ಸೋರುತ್ತದೆ, ಸೀನು ಬರುತ್ತದೆ. ನಗಬೇಡಿ, ನಿಜ. ನಿಮ್ಮದು ಯಾವುದು ಅಂತ ನೀವೇ ಕಂಡುಕೊಳ್ಳಬೇಕು. ಅದು ಬಂದ ಮೇಲೆ ಇನ್ನೊಂದೇ ತುತ್ತು ಅಂತೀರಲ್ಲ, ವಾಂತಿ ಮಾಡಿಸುವುದು ಆ ತುತ್ತೇ.

ನೀರಿನ ವಿಷಯ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬೇಡ. ಜೊತೆಗೆ ಕುಡಿದರೆ ಒಂದೋ ತುಂಬಿ ತುಳುಕುತ್ತದೆ, ಇಲ್ಲವೇ ಊಟವನ್ನು ತೊಳೆದುಕೊಂಡು ಹೋಗಿ ಬೇಗ ಹಸಿವೆಯಾಗುತ್ತದೆ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆಗಲೇಬೇಕು. ಗಟ್ಟಿ ಊಟ ಶುರುವಾದ ವಾರದಲ್ಲಿ ನೀರು ಕಮ್ಮಿಯಾಗುವುದು ಮಾಮೂಲಿ. ಅಲ್ಲಿಯವರೆಗೆ ಶೇಕ್, ಸೂಪು ಎಲ್ಲ ಲೆಕ್ಕಕ್ಕೆ ಬರುತ್ತಿತ್ತು, ಈಗ ಅವುಗಳನ್ನು ಕುಡಿಯುವುದೇ ಕಮ್ಮಿಯಾಗುತ್ತದೆ. ತಲೆ ತಿರುಗಿದರೆ, ಮೂತ್ರದ ಬಣ್ಣ ಗಾಢವಾದರೆ, ಮಲಬದ್ಧತೆ ಆದರೆ ಮೊದಲು ನೀರಿನ ಕಡೆ ನೋಡಿ. ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದೇ ದಾರಿ. ಗ್ಯಾಸ್ ತುಂಬಿದ ಪಾನೀಯ ಬೇಡ.

ಈಗ ನಿಮ್ಮ ಬಿಸ್ಕತ್ತು. ಅದು ಯಾಕೆ ಆರಾಮಾಗಿ ಇಳಿಯುತ್ತದೆ ಅಂದರೆ, ಹಾಲು, ಜೊಲ್ಲು ಸೇರಿದ ಕೂಡಲೇ ಅದು ಗಂಜಿಯಾಗುತ್ತದೆ. ಹೆಸರಿಗೆ ಗಟ್ಟಿ ಪದಾರ್ಥ, ಹೊಟ್ಟೆಗೆ ಹೋದಾಗ ಸಿಹಿ ದ್ರವ. ಕೊಳವೆಯಲ್ಲಿ ನಿಲ್ಲುವುದಿಲ್ಲ, ಹೊಟ್ಟೆ ತುಂಬಿಸುವುದಿಲ್ಲ. ಎರಡು ತಿಂದವರು ಅರ್ಧ ಗಂಟೆಗೆ ಇನ್ನೆರಡು ತಿನ್ನಬಹುದು. ಚಿಪ್ಸ್, ಐಸ್‌ಕ್ರೀಂ, ಚಾಕೊಲೇಟ್ ಎಲ್ಲ ಇದೇ ಜಾತಿ. ಆಪರೇಷನ್ ಆಗಿ ಒಂದೆರಡು ವರ್ಷಕ್ಕೆ ತೂಕ ವಾಪಸ್ ಬಂತು ಅನ್ನುವವರ ದಿನಚರಿ ಕೇಳಿದರೆ ಇವೇ ಹೊರಬೀಳುತ್ತವೆ. ಅವರಲ್ಲಿ ಅನೇಕರು ಶುರು ಮಾಡಿದ್ದು ನಿಮ್ಮ ಹಾಗೇ: ಊಟ ಸಿಕ್ಕಿಕೊಂಡಿತು, ಇದು ಇಳಿಯಿತು, ಇದೇ ನನಗೆ ಆಗಿಬರುವುದು ಅಂದುಕೊಂಡರು. ನನಗೆ ನಿಮ್ಮ ಪತ್ರದಲ್ಲಿ ಚಿಕನ್ನಿಗಿಂತ ಜಾಸ್ತಿ ಯೋಚನೆ ಆಗಿದ್ದು ಈ ಸಾಲು ಓದಿ. ಬೈಪಾಸ್ ಆದವರಿಗೆ ಸಿಹಿಯಿಂದ ಇನ್ನೊಂದು ಕಾಟವೂ ಇದೆ. ತಿಂದ ಸ್ವಲ್ಪ ಹೊತ್ತಿಗೇ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸ್ಲೀವ್ ಆದವರಿಗೂ ಒಮ್ಮೊಮ್ಮೆ ಆಗುತ್ತದೆ. ಏನಾದರೂ ಕಚ್ಚಿ ಅಗಿಯಬೇಕು ಅನ್ನುವ ಆಸೆಗೇ ನೀವು ಬಿಸ್ಕತ್ತಿಗೆ ಕೈಹಾಕಿದ್ದು ಅಂತ ನನ್ನ ಅನುಮಾನ. ವಾರಗಟ್ಟಲೆ ಕುಡಿದುಕೊಂಡೇ ಇದ್ದವರಿಗೆ ಆ ಆಸೆ ಸಹಜ. ಮೆತ್ತನೆ ಊಟ ನೆಲೆ ನಿಂತರೆ ಅದು ತಾನಾಗೇ ಇಳಿಯುತ್ತದೆ.

ಕೆಲವು ಸಂದರ್ಭಗಳಲ್ಲಿ ಮೇಲೆ ಹೇಳಿದ್ದೆಲ್ಲ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಜ್ವರ, ಹೊಟ್ಟೆಯಲ್ಲಿ ಜೋರು ನೋವು, ಎಡ ಭುಜದಲ್ಲಿ ನೋವು, ಸುಮ್ಮನೆ ಕೂತಿದ್ದರೂ ನಾಡಿ 120ರ ಮೇಲೆ, ಉಸಿರಾಟಕ್ಕೆ ಕಷ್ಟ. ಇವು ಹೊಲಿಗೆಯ ಜಾಗದಲ್ಲಿ ಸೋರಿಕೆ ಆಗಿರುವ ಲಕ್ಷಣ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ವಾಂತಿಯಲ್ಲಿ ರಕ್ತ ಅಥವಾ ಮಲ ಕಪ್ಪಗಿದ್ದರೂ ಅಷ್ಟೇ ತುರ್ತು.

ಎರಡನೆಯದು ನಿಧಾನಕ್ಕೆ ಬರುವಂಥದ್ದು. ಒಂದು ಸಲ ಒಂದು ಪದಾರ್ಥ ಸಿಕ್ಕಿಕೊಳ್ಳುವುದು ಬೇರೆ. ಎಷ್ಟು ಅಗಿದರೂ ಗಟ್ಟಿಯದು ಯಾವುದೂ ಇಳಿಯುವುದಿಲ್ಲ, ಆಮೇಲೆ ರುಬ್ಬಿದ್ದೂ ಇಳಿಯುವುದಿಲ್ಲ, ಕೊನೆಗೆ ನೀರೂ ಕಷ್ಟ ಅಂತ ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಹೋದರೆ ಅದು ಬೇರೆ. ದಾರಿ ಸಂಕುಚಿತವಾಗಿರಬಹುದು. ಎಂಡೋಸ್ಕೋಪಿಯಲ್ಲಿ ನೋಡಿ, ಹೆಚ್ಚಿನವರಿಗೆ ಅಲ್ಲೇ ಬಲೂನಿನಿಂದ ಹಿಗ್ಗಿಸುತ್ತಾರೆ. ಇದನ್ನು ಅಗಿದು ಗೆಲ್ಲಲು ಆಗುವುದಿಲ್ಲ.

ಮೂರನೆಯದು ಅಷ್ಟಾಗಿ ಯಾರೂ ಹೇಳದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಥಯಾಮಿನ್, ಅಂದರೆ ಬಿ1 ವಿಟಮಿನ್, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಸಂಗ್ರಹ ಇರುತ್ತದೆ. ಮೊದಲೇ ಊಟ ಕಮ್ಮಿ, ಅದರ ಮೇಲೆ ದಿನಾ ವಾಂತಿ ಅಂದರೆ ಅದು ಬೇಗ ಖಾಲಿ. ಕಣ್ಣಿಗೆ ಎರಡೆರಡು ಕಾಣುವುದು, ನಡೆದರೆ ತೂರಾಡುವುದು, ಮಾತಿನಲ್ಲಿ ಗೊಂದಲ, ಕಾಲು ಜೋಮು. ಇದು ಮಿದುಳಿಗೆ ಕಾಯಂ ಹಾನಿ ಮಾಡಬಲ್ಲದು. ವಾಂತಿ ಎರಡು ದಿನಕ್ಕಿಂತ ಮುಂದುವರಿದರೆ ಆಸ್ಪತ್ರೆಗೆ ಹೋಗಿ, ಹೊಟ್ಟೆಯ ಆಪರೇಷನ್ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಕೊಡಬೇಕಾ ಅಂತ ಕೇಳಿ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಹೋದರೆ ಈ ತೊಂದರೆ ಉಲ್ಬಣಿಸಬಹುದು. ನಿಮ್ಮ ಜೊತೆ ಬರುವವರಿಗೂ ಇದನ್ನು ಹೇಳಿಟ್ಟಿರಿ, ಆ ಹೊತ್ತಿಗೆ ನಿಮಗೆ ಮಾತಾಡುವ ಶಕ್ತಿ ಇರುವುದಿಲ್ಲ.

ಕೊನೆಯದಾಗಿ ಮಾತ್ರೆಗಳು. ವಾಂತಿಯ ಭಯಕ್ಕೆ ವಿಟಮಿನ್ ಮಾತ್ರೆಯನ್ನೂ ಬಿಟ್ಟಿದ್ದೀರಾ? ಅನೇಕರು ಬಿಡುತ್ತಾರೆ. ಅಗಿಯುವಂಥದ್ದೋ ದ್ರವದ್ದೋ ಬರೆದುಕೊಡಿ ಅಂತ ಕೇಳಿ, ಇವೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆ ಅಂತರ ಇರಲಿ. ಬೇರೆ ಯಾವ ಮಾತ್ರೆಯನ್ನೂ ಕೇಳದೆ ಪುಡಿ ಮಾಡಬೇಡಿ, ನಿಧಾನವಾಗಿ ಕರಗಬೇಕಾದವು ಪುಡಿ ಮಾಡಿದರೆ ಒಂದೇ ಸಲಕ್ಕೆ ಇಳಿದುಬಿಡುತ್ತವೆ. ತಲೆನೋವು, ಮೈಕೈನೋವಿಗೆ ಐಬುಪ್ರೊಫೇನ್ ಥರದ್ದನ್ನು ನೀವಾಗಿ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತು ಫೋನ್ ಮಾಡಿದಾಗಲೇ ಅದನ್ನೂ ಕೇಳಿಬಿಡಿ. ಇಷ್ಟು ತೂಕ ಇಳಿದ ಮೇಲೆ, ಇಷ್ಟು ಕಮ್ಮಿ ತಿನ್ನುತ್ತಿರುವಾಗ ಹಳೆಯ ಡೋಸ್ ಜಾಸ್ತಿ ಆಗಿರುವ ಸಾಧ್ಯತೆ ಇದೆ.